ಎತ್ತರದವರನ್ನು ತಡೆಯಲು ಎತ್ತರವೇ ಬೇಕೆ?

ಚಿತ್ರದುರ್ಗದ ಕೋಟೆಯ ಬಂಡೆಗಳು ಕಾಣುವ ಆಟದ ಬಯಲೊಂದರಲ್ಲಿ ಒಂದು ಸಂಜೆ ನಾವು ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ನೋಡುತ್ತ ನಿಂತಿದ್ದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದ ವಿದ್ಯಾರ್ಥಿಗಳು ಎರಡು ತಂಡಗಳಲ್ಲಿಯೂ ಇದ್ದರು. ನಮ್ಮ ಪಕ್ಕದಲ್ಲಿ ಹೊಳಲ್ಕೆರೆ ಕಡೆಯ ಹುಡುಗನೊಬ್ಬ ಕುಳಿತಿದ್ದ. ಭೌತಶಾಸ್ತ್ರದ ತರಗತಿಯಲ್ಲಿ ನಮ್ಮ ಶಿಷ್ಯ. ಅವನು ಆಡುವ ಉಡುಪಿನಲ್ಲಿ ಇರಲಿಲ್ಲ. ಸೆಂಟರ್ ಸ್ಥಾನಕ್ಕೆ ಅವನು ಹೆಸರು ಕೊಟ್ಟಿದ್ದನಂತೆ. ಆಯ್ಕೆಯ ದಿನ ಹುಡುಗರನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಗೆರೆ ಎಳೆದರು. ಇವನ ಗೆರೆ 5 ಅಡಿ 9 ಅಂಗುಲಕ್ಕೆ ನಿಂತಿತು. ಅಷ್ಟಕ್ಕೇ ಅವನ ಪರೀಕ್ಷೆ ಮುಗಿಯಿತು.

“ಸಾರ್, ಎದುರಾಳಿ ನನಗಿಂತ ಗೇಣುದ್ದ ಎತ್ತರ ಇದ್ದರೆ ನಾನು ಅವನನ್ನು ತಡೆಯುವುದು ಸಾಧ್ಯವೇ ಇಲ್ಲವೆ? ಇದು ಭೌತಶಾಸ್ತ್ರದ ನಿಯಮವೆ?” ಎಂದು ಅವನು ಕೇಳಿದ.

ಸಮಾಧಾನಕ್ಕಾಗಿ ಒಂದು ಮಾತು ಹೇಳಿ ಕಳುಹಿಸಬಹುದಾಗಿತ್ತು. ಆದರೆ ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡುವುದು ನ್ಯಾಯ. ಆ ಲೆಕ್ಕವನ್ನು ಇಲ್ಲಿ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಹತ್ತಡಿಯ ಬುಟ್ಟಿ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎತ್ತರಕ್ಕೆ ಇಷ್ಟೊಂದು ಬೆಲೆ ಬಂದುದಕ್ಕೆ ಕಾರಣ ಅದರ ಬುಟ್ಟಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಒಂದು ಹೊಸ ಆಟವನ್ನು ಕಲ್ಪಿಸಿದರು. ವ್ಯಾಯಾಮಶಾಲೆಯ ಮೇಲ್ಗಡೆಯ ಮೊಗಸಾಲೆಯ ಕಟಕಟೆಗೆ ಹಣ್ಣಿನ ಬುಟ್ಟಿಗಳೆರಡನ್ನು ಕಟ್ಟಿದರು. ಆ ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಅಂದು ಆಕಸ್ಮಿಕವಾಗಿ ದೊರೆತ ಆ ಅಳತೆ, ಎಂದರೆ 3.05 ಮೀಟರ್, ಇಂದಿಗೂ ಬದಲಾಗಿಲ್ಲ.

ಬುಟ್ಟಿಯ ಸಮೀಪದಲ್ಲಿ ನಿಂತು ಆಡುವವನೇ ಸೆಂಟರ್. ಎದುರು ತಂಡದ ಸೆಂಟರನ್ನು ತಡೆಯುವುದು, ಬುಟ್ಟಿಗೆ ಬೀಳದೆ ಚಿಮ್ಮಿ ಬಂದ ಚೆಂಡನ್ನು, ಎಂದರೆ ರಿಬೌಂಡನ್ನು, ಹಿಡಿಯುವುದು ಅವನ ಮುಖ್ಯ ಕೆಲಸಗಳು. ಈ ಕೆಲಸಗಳಲ್ಲಿ ಎತ್ತರ ಎಲ್ಲಿ ನೆರವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಒಂದೊಂದಾಗಿ ಪರಿಶೀಲಿಸೋಣ.

ಅಳೆಯಬೇಕಾದುದು ನೆತ್ತಿಯನ್ನಲ್ಲ

ಚೆಂಡನ್ನು ಮುಟ್ಟುವುದು ಬೆರಳ ತುದಿ, ನೆತ್ತಿಯಲ್ಲ. ಆದುದರಿಂದ ನಾವು ಅಳೆಯಬೇಕಾದುದು ಕೈಯನ್ನು ಮೇಲೆತ್ತಿದಾಗ ಬೆರಳು ಎಷ್ಟು ಎತ್ತರವನ್ನು ಮುಟ್ಟುತ್ತದೆ ಎಂಬುದನ್ನು. ಇದನ್ನು ನಿಲುಕು ಎಂದು ಕರೆಯೋಣ. ಸಾಮಾನ್ಯವಾಗಿ ನಿಲುಕು ಎತ್ತರದ ಒಂದೂ ಮೂರನೆಯ ಒಂದರಷ್ಟು ಇರುತ್ತದೆ. ಆದರೆ ತೋಳು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನ ನಿಲುಕು ಮತ್ತೊಬ್ಬನದಕ್ಕಿಂತ ಎರಡು ಮೂರು ಅಂಗುಲ ಹೆಚ್ಚಾಗಿರುವುದು ಅಪರೂಪವಲ್ಲ.

ನಿಲುಕಿಗೆ ನೆಗೆತವನ್ನು ಕೂಡಿಸಬೇಕು. ನಮ್ಮ ಹುಡುಗನ ನಿಲುಕನ್ನು 2.30 ಮೀಟರ್, ಅವನ ನೆಗೆತವನ್ನು 60 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಎದುರಾಳಿ 6 ಅಡಿ 2 ಅಂಗುಲದವನು. ಅವನ ನಿಲುಕು 2.50 ಮೀಟರ್, ನೆಗೆತ 50 ಸೆಂಟಿಮೀಟರ್ ಇರಲಿ. ನೆಗೆತದ ತುದಿಯಲ್ಲಿ ಒಬ್ಬನ ಬೆರಳು 2.90 ಮೀಟರನ್ನೂ ಇನ್ನೊಬ್ಬನದು 3.00 ಮೀಟರನ್ನೂ ಮುಟ್ಟುತ್ತವೆ. ಇಬ್ಬರೂ ಒಂದೇ ಗಳಿಗೆಯಲ್ಲಿ ನೆಗೆದರೆ ಎತ್ತರದವನು 10 ಸೆಂಟಿಮೀಟರ್ ಮುಂದೆ. ಇದರಲ್ಲಿ ಸಂದೇಹವಿಲ್ಲ.

ಆದರೆ “ಒಂದೇ ಗಳಿಗೆಯಲ್ಲಿ” ಎಂಬ ಮಾತನ್ನು ಗಮನಿಸಬೇಕು.

ಒಂದು ಸೆಕೆಂಡಿನ ಐದನೆಯ ಒಂದು ಭಾಗ

ಮೇಲಕ್ಕೆ ನೆಗೆದ ಮನುಷ್ಯನೂ ಮೇಲಕ್ಕೆ ಎಸೆದ ಕಲ್ಲೂ ಒಂದೇ ನಿಯಮಕ್ಕೆ ಒಳಪಟ್ಟವು. ನೆಲವನ್ನು ಬಿಟ್ಟ ಮೇಲೆ ಅವನ ವೇಗವನ್ನು ಗುರುತ್ವಾಕರ್ಷಣೆಯೊಂದೇ ನಿರ್ಧರಿಸುತ್ತದೆ. 60 ಸೆಂಟಿಮೀಟರ್ ನೆಗೆಯಬೇಕಾದರೆ ಸೆಕೆಂಡಿಗೆ ಸುಮಾರು 3.43 ಮೀಟರ್ ವೇಗದಿಂದ ನೆಲವನ್ನು ಬಿಡಬೇಕು. ತುದಿಯನ್ನು ಮುಟ್ಟಲು 0.35 ಸೆಕೆಂಡು ಬೇಕು. 50 ಸೆಂಟಿಮೀಟರಿಗೆ 3.13 ಮೀಟರ್ ವೇಗ, 0.32 ಸೆಕೆಂಡು.

ಈಗ ಹಲಗೆಗೆ ಬಡಿದು ಚಿಮ್ಮಿದ ಚೆಂಡೊಂದು ಕೆಳಗೆ ಬರುತ್ತಿದೆ ಎಂದು ಭಾವಿಸಿರಿ. ಅದು ಯಾರ ಸೊತ್ತೂ ಅಲ್ಲ. ಅದರ ದಾರಿಯನ್ನು ಮೊದಲು ಗುರುತಿಸಿದ ನಮ್ಮ ಹುಡುಗ ಎದುರಾಳಿಗಿಂತ 0.2 ಸೆಕೆಂಡು ಮೊದಲು ನೆಗೆದನೆನ್ನೋಣ. ಇವನು ತನ್ನ ನೆಗೆತದ ತುದಿಯಲ್ಲಿರುವಾಗ ಇವನ ಬೆರಳು 2.90 ಮೀಟರ್ ಎತ್ತರದಲ್ಲಿರುತ್ತದೆ. ಆ ಕ್ಷಣಕ್ಕೆ ಎದುರಾಳಿ ನೆಲವನ್ನು ಬಿಟ್ಟು 0.15 ಸೆಕೆಂಡು ಮಾತ್ರ ಆಗಿದೆ. ಅವನು ಏರಿರುವುದು 36 ಸೆಂಟಿಮೀಟರ್. ಅವನ ಬೆರಳು 2.86 ಮೀಟರಿನಲ್ಲಿದೆ. ನಿಲುಕಿನಲ್ಲಿ 20 ಸೆಂಟಿಮೀಟರ್ ಕಡಮೆ ಇದ್ದ ಹುಡುಗ ಆ ಕ್ಷಣದಲ್ಲಿ 4 ಸೆಂಟಿಮೀಟರ್ ಮೇಲಿದ್ದಾನೆ. ಚೆಂಡು ಅವನದು.

ಇದೇ ಲೆಕ್ಕವನ್ನು ತಿರುಗಿಸಿ ನೋಡುವುದೂ ನಮ್ಮ ಕರ್ತವ್ಯ. ಎದುರಾಳಿಯ ಕೈಯಲ್ಲಿಯೇ ಚೆಂಡು ಇದೆ. ಅವನು ಬುಟ್ಟಿಗೆ ಎಸೆಯಲು ನೆಗೆಯುತ್ತಾನೆ. ಯಾವಾಗ ನೆಗೆಯಬೇಕೆಂಬುದು ಅವನಿಗೆ ಮಾತ್ರ ಗೊತ್ತು. ಕಣ್ಣಿನಿಂದ ಕಂಡುದಕ್ಕೆ ದೇಹ ಪ್ರತಿಕ್ರಿಯೆ ತೋರಿಸಲು ಸುಮಾರು 0.2 ಸೆಕೆಂಡು ಬೇಕಾಗುವುದರಿಂದ ತಡೆಯುವವನು ಅಷ್ಟು ಹೊತ್ತು ಹಿಂದೆ ಬೀಳುತ್ತಾನೆ. ಎದುರಾಳಿಯ ಕೈ 3.00 ಮೀಟರಿಗೆ ಏರಿದಾಗ ನಮ್ಮ ಹುಡುಗನ ಬೆರಳು 2.64 ಮೀಟರಿನಲ್ಲಿರುತ್ತದೆ, 36 ಸೆಂಟಿಮೀಟರ್ ಕೆಳಗೆ. ಇಲ್ಲಿ ಎತ್ತರವೂ ಸಮಯವೂ ಎರಡೂ ಅವನಿಗೆ ವಿರೋಧ. ಮೇಲಿನಿಂದ ತಡೆಯುವ ಆಸೆ ವ್ಯರ್ಥ.

ಆದುದರಿಂದ ಪ್ರಶ್ನೆಯ ರೂಪವೇ ಬದಲಾಗಬೇಕು. ಎತ್ತರದವನ ಕೈಯಲ್ಲಿ ಬುಟ್ಟಿಯ ಬುಡದಲ್ಲಿ ಚೆಂಡು ಸಿಕ್ಕಿದ ಮೇಲೆ ಏನು ಮಾಡಬೇಕು ಎಂದು ಕೇಳುವುದಕ್ಕಿಂತ, ಅಲ್ಲಿ ಅವನಿಗೆ ಚೆಂಡು ಸಿಕ್ಕದಂತೆ ಏನು ಮಾಡಬಹುದು ಎಂದು ಕೇಳುವುದು ಲೇಸು.

ಕಿಂಡಿಯ ಪಾಠ

ಒನಕೆ ಓಬವ್ವನ ಕಿಂಡಿಯನ್ನು ನೋಡದ ಚಿತ್ರದುರ್ಗದ ವಿದ್ಯಾರ್ಥಿ ಇರಲಾರ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲುಗಾರನ ಹೆಂಡತಿಯೊಬ್ಬಳು ಒನಕೆಯೊಂದನ್ನೇ ಹಿಡಿದು ಕಿಂಡಿಯಲ್ಲಿ ನುಸುಳಿ ಬಂದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೆಡವಿದಳೆಂಬ ಕಥೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಬಯಲಿನಲ್ಲಿ ಆ ಸೈನಿಕರ ಎದುರು ನಿಲ್ಲುವುದು ಅವಳಿಗೆ ಸಾಧ್ಯವಿತ್ತೆ? ಕಿಂಡಿಯಲ್ಲಿ ಮಾತ್ರ ಎಂಥ ಆಜಾನುಬಾಹುವೂ ಬಗ್ಗಿ ತೆವಳಿಯೇ ಬರಬೇಕು. ಅವಳ ಸಾಹಸದೊಂದಿಗೆ ಅವಳು ನಿಂತ ಸ್ಥಳವೂ ಕೂಡಿಕೊಂಡಿತು.

ಬ್ಯಾಸ್ಕೆಟ್‌ಬಾಲಿನಲ್ಲಿಯೂ ಸ್ಥಳಕ್ಕೆ ಇಂಥದೇ ಬೆಲೆ ಇದೆ. ಇದಕ್ಕೆ ಆಟದ ನಿಯಮಗಳ ಬೆಂಬಲವೂ ಉಂಟು. ಒಂದು ಜಾಗದಲ್ಲಿ ನ್ಯಾಯವಾಗಿ ಮೊದಲು ನಿಂತವನಿಗೆ ಆ ಜಾಗವೂ, ಅದರ ನೇರ ಮೇಲಿನ ಆಕಾಶವೂ ಸೇರುತ್ತವೆ. ಅವನು ಕೈಗಳನ್ನು ನೆಟ್ಟಗೆ ಎತ್ತಿ ನಿಂತಿದ್ದರೆ, ಅಥವಾ ನೇರವಾಗಿ ಮೇಲಕ್ಕೆ ನೆಗೆದರೆ, ಬಂದು ಡಿಕ್ಕಿ ಹೊಡೆದವನದೇ ತಪ್ಪು. ಎಷ್ಟೇ ಎತ್ತರದವನಾಗಲಿ, ಹಾಗೆ ನಿಂತವನನ್ನು ತಳ್ಳಿ ಬುಟ್ಟಿಯ ಬುಡಕ್ಕೆ ಹೋಗುವಂತಿಲ್ಲ.

ಆ ಜಾಗಕ್ಕೆ ಮೊದಲು ತಲಪುವುದರಲ್ಲಿ ಗಿಡ್ಡನೆಯವನಿಗೆ ಸ್ವಲ್ಪ ಅನುಕೂಲವುಂಟು. 1638ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗೆಲಿಲಿಯೊ ಇದರ ಮೂಲತತ್ತ್ವವನ್ನು ವಿವರಿಸಿದ್ದಾರೆ. ಒಂದೇ ಅಚ್ಚಿನ ಎರಡು ದೇಹಗಳಲ್ಲಿ ಒಂದು ಇನ್ನೊಂದಕ್ಕಿಂತ ಹತ್ತರಲ್ಲಿ ಒಂದು ಭಾಗ ಹೆಚ್ಚು ಎತ್ತರವಾಗಿದ್ದರೆ, ಅದರ ತೂಕ 1.1ರ ಘನದಷ್ಟು, ಎಂದರೆ 1.33 ಮಡಿ ಆಗುತ್ತದೆ. ಸ್ನಾಯುವಿನ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತಾರವನ್ನು ಅವಲಂಬಿಸಿದ್ದು, ಅದು 1.1ರ ವರ್ಗದಷ್ಟು, ಎಂದರೆ 1.21 ಮಡಿ ಮಾತ್ರ ಹೆಚ್ಚುತ್ತದೆ. ಬಲ ಹೆಚ್ಚಿದುದಕ್ಕಿಂತ ಭಾರ ಹೆಚ್ಚಿತು. ಆದುದರಿಂದ ಹೊರಡುವುದರಲ್ಲಿ, ನಿಲ್ಲುವುದರಲ್ಲಿ, ತಿರುಗುವುದರಲ್ಲಿ ದೊಡ್ಡ ದೇಹ ತುಸು ನಿಧಾನ. ಅಭ್ಯಾಸದಿಂದ ಇದನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದಾದರೂ ಪ್ರಕೃತಿಯ ಒಲವು ಚಿಕ್ಕ ದೇಹದ ಕಡೆಗಿದೆ.

ಅಣೆಕಟ್ಟಿನಂತೆ ನಿಲ್ಲುವುದು

ಜಾಗ ಹಿಡಿದರೆ ಸಾಲದು, ಅದನ್ನು ಉಳಿಸಿಕೊಳ್ಳಬೇಕು. ಎದುರಾಳಿ ಬೆನ್ನು ಕೊಟ್ಟು, ಒಂದೊಂದೇ ಹೆಜ್ಜೆಯಾಗಿ ಒತ್ತುತ್ತ ಬುಟ್ಟಿಯತ್ತ ಸರಿಯುವುದು ಈ ಆಟದ ಸಾಮಾನ್ಯ ತಂತ್ರ. ಆ ಒತ್ತಡವನ್ನು ಹೇಗೆ ತಡೆಯುವುದು?

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಕಟ್ಟೆಯನ್ನು ನೆನಪಿಗೆ ತಂದುಕೊಳ್ಳಿರಿ. ಕಲ್ಲಿನ ಆ ಗೋಡೆ ನೀರಿನ ಒತ್ತಡವನ್ನು ತನ್ನ ತೂಕದಿಂದಲೇ ಎದುರಿಸಿ ನಿಂತಿದೆ. ಅಂಥ ಕಟ್ಟೆಗಳ ಬುಡ ಅಗಲ, ತಲೆ ಕಿರಿದು. ಅದರಿಂದ ಗುರುತ್ವಕೇಂದ್ರ ಕೆಳಗೆ ಇಳಿಯುತ್ತದೆ. ಉರುಳಿಸುವ ಬಲಕ್ಕೆ ಎದುರಾಗಿ ತೂಕಕ್ಕೆ ಉದ್ದವಾದ ಹಿಡಿ ದೊರೆಯುತ್ತದೆ. ಇದಕ್ಕೆ ಪ್ರತಿಯಾಗಿ, ಹೊಳಲ್ಕೆರೆಯ ತೋಟಗಳಲ್ಲಿ ನೆಟ್ಟಗೆ ಬೆಳೆದು ನಿಂತ ಅಡಿಕೆಯ ಮರವನ್ನು ನೋಡಿರಿ. ಅದರ ತುದಿಗೆ ಬೀಸಿದ ಗಾಳಿ ಬುಡವನ್ನು ಎಷ್ಟೊಂದು ಅಲುಗಿಸುತ್ತದೆ!

ಆಟಗಾರರಿಗೂ ಇದೇ ಲೆಕ್ಕ. ಇಬ್ಬರದೂ 70 ಕಿಲೋಗ್ರಾಂ ತೂಕವಿರಲಿ. ಎತ್ತರದವನು ನೆಟ್ಟಗೆ ನಿಂತರೆ ಅವನ ಗುರುತ್ವಕೇಂದ್ರ ನೆಲದಿಂದ ಸುಮಾರು 1.03 ಮೀಟರ್ ಮೇಲಿರುತ್ತದೆ. ಒತ್ತಡದ ದಿಕ್ಕಿನಲ್ಲಿ ಅವನ ಪಾದದ ಆಧಾರ ಆ ಕೇಂದ್ರದ ನೇರದಿಂದ 20 ಸೆಂಟಿಮೀಟರ್ ಚಾಚಿದೆಯೆನ್ನೋಣ. ಗುರುತ್ವಕೇಂದ್ರದ ಮಟ್ಟದಲ್ಲಿ ತಳ್ಳಿದರೆ ಅವನನ್ನು ವಾಲಿಸಲು ಬೇಕಾಗುವ ಬಲ 70ನ್ನು 0.20ರಿಂದ ಗುಣಿಸಿ 1.03ರಿಂದ ಭಾಗಿಸಿದಷ್ಟು. ಎಂದರೆ ಸುಮಾರು 14 ಕಿಲೋಗ್ರಾಂ ತೂಕದ ಬಲ. ನಮ್ಮ ಹುಡುಗ ಮಂಡಿಗಳನ್ನು ಬಗ್ಗಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಗುರುತ್ವಕೇಂದ್ರವನ್ನು 0.75 ಮೀಟರಿಗೆ ಇಳಿಸಿ, ಆಧಾರವನ್ನು 40 ಸೆಂಟಿಮೀಟರಿಗೆ ಹಿಗ್ಗಿಸಿದರೆ, ಬೇಕಾಗುವ ಬಲ ಸುಮಾರು 37 ಕಿಲೋಗ್ರಾಂ ತೂಕದಷ್ಟು. ಎರಡೂವರೆ ಮಡಿಗಿಂತ ಹೆಚ್ಚು!

ಎತ್ತರದವನೂ ಮಂಡಿ ಬಗ್ಗಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಬಗ್ಗಿಸಬಹುದು, ಬಗ್ಗಿಸಬೇಕು ಕೂಡ. ಆದರೆ ಬಗ್ಗಿರುವಷ್ಟು ಹೊತ್ತು ಅವನು ತನ್ನ ಎತ್ತರದ ಲಾಭವನ್ನು ಬದಿಗಿಟ್ಟಂತಾಯಿತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಎದುರಾಳಿ 100 ಕಿಲೋಗ್ರಾಂ ತೂಗುವವನಾದರೆ ಈ ಭಂಗಿಯೊಂದೇ ಸಾಲದು; ಪಾದ ಜಾರದಿರಲು ನೆಲದ ಘರ್ಷಣೆಯೂ, ತೊಡೆ ಸೊಂಟಗಳ ಶಕ್ತಿಯೂ ಬೇಕು. ಎತ್ತರಕ್ಕಿಂತ ತೂಕವೇ ಕೆಲವು ವೇಳೆ ದೊಡ್ಡ ಅಡ್ಡಿ.

ಎರಡು ಹೆಜ್ಜೆಯ ಬೆಲೆ

ಇಷ್ಟು ಕಷ್ಟಪಟ್ಟು ಎದುರಾಳಿಯನ್ನು ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿದರೆ ದೊರೆಯುವ ಲಾಭವೇನು? ಬುಟ್ಟಿಯ ಬಳೆಯ ಅಡ್ಡಳತೆ 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು ಬಳೆಯ ನಟ್ಟನಡುವೆ ಬಿದ್ದರೆ ಎರಡು ಪಕ್ಕಗಳಲ್ಲಿಯೂ 10 ಸೆಂಟಿಮೀಟರಿನಷ್ಟು ಸಡಿಲವಿರುತ್ತದೆ. ಎಸೆಯುವವನ ಕೈ ಪಕ್ಕಕ್ಕೆ 3 ಡಿಗ್ರಿ ತಪ್ಪಿತೆನ್ನೋಣ. ಒಂದೂವರೆ ಮೀಟರ್ ದೂರದಿಂದ ಎಸೆದಾಗ ಚೆಂಡು 8 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಆದರೂ ಒಳಗೆ ಬೀಳುತ್ತದೆ. ಮೂರು ಮೀಟರಿನಿಂದ ಎಸೆದರೆ ಅದೇ ತಪ್ಪು 16 ಸೆಂಟಿಮೀಟರ್ ಆಗುತ್ತದೆ. ಚೆಂಡು ಬಳೆಗೆ ಬಡಿದು ಚಿಮ್ಮುತ್ತದೆ. ಅಲ್ಲಿಂದ ಮುಂದೆ ನಡೆಯುವುದು ನಾವು ಮೊದಲು ಲೆಕ್ಕ ಹಾಕಿದ ರಿಬೌಂಡಿನ ಸ್ಪರ್ಧೆ. ಅಲ್ಲಿ ಗಿಡ್ಡನೆಯವನಿಗೂ ಅವಕಾಶವುಂಟು.

ಆಟದ ನಿಯಮಗಳನ್ನು ರೂಪಿಸಿದವರಿಗೂ ಈ ಸತ್ಯ ತಿಳಿದಿತ್ತು. ಅಮೆರಿಕದ ವೃತ್ತಿಪರ ಆಟದಲ್ಲಿ 6 ಅಡಿ 10 ಅಂಗುಲದ ಜಾರ್ಜ್ ಮೈಕನ್ ಬುಟ್ಟಿಯ ಬುಡದಲ್ಲಿ ತಡೆಯಲಾಗದ ಆಟಗಾರನಾದಾಗ, 1951ರಲ್ಲಿ ಬುಟ್ಟಿಯ ಮುಂದಿನ ಆಯದ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. 7 ಅಡಿ 1 ಅಂಗುಲದ ವಿಲ್ಟ್ ಚೇಂಬರ್ಲಿನ್ ಬಂದ ಮೇಲೆ 1964ರಲ್ಲಿ ಅದನ್ನು 16 ಅಡಿ ಮಾಡಿದರು. ದಾಳಿ ಮಾಡುವವನು ಆ ಆಯದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಎತ್ತರದವರ ಎತ್ತರವನ್ನು ಕಡಮೆ ಮಾಡಲಾಗದವರು ಅವರನ್ನು ಬುಟ್ಟಿಯಿಂದ ದೂರ ಸರಿಸಿದರು.

ಅನುಭವದ ಸಾಕ್ಷ್ಯ

ಲೆಕ್ಕ ಎಷ್ಟೇ ಸೊಗಸಾಗಿದ್ದರೂ ಅದನ್ನು ಅನುಭವದ ಒರೆಗಲ್ಲಿಗೆ ಹಚ್ಚಬೇಕು. ಚೇಂಬರ್ಲಿನ್ನರನ್ನು ವರ್ಷಗಟ್ಟಲೆ ಎದುರಿಸಿದ ಬಿಲ್ ರಸೆಲ್ 6 ಅಡಿ 10 ಅಂಗುಲದವರು. 1960ರ ನವೆಂಬರ್ 24ರಂದು ಚೇಂಬರ್ಲಿನ್ ರಸೆಲ್ಲರ ತಂಡದ ಎದುರು ಒಂದೇ ಪಂದ್ಯದಲ್ಲಿ 55 ರಿಬೌಂಡುಗಳನ್ನು ಹಿಡಿದು ದಾಖಲೆ ಮಾಡಿದರು. ಎತ್ತರದ ಮಹಿಮೆಯನ್ನು ಅಲ್ಲಗಳೆಯುವವರು ಈ ಸಂಖ್ಯೆಯನ್ನು ಮರೆಯಬಾರದು. ಆದರೆ ಆ ಪಂದ್ಯವನ್ನು ಗೆದ್ದುದು ರಸೆಲ್ಲರ ತಂಡ. 13 ವರ್ಷಗಳ ಆಟದಲ್ಲಿ ರಸೆಲ್ 11 ಸಲ ವಿಜೇತ ತಂಡದಲ್ಲಿದ್ದರು. ಸೆಂಟರ್ ಸ್ಥಾನಕ್ಕೆ ಗಿಡ್ಡನೆನಿಸಿದ 6 ಅಡಿ 7 ಅಂಗುಲದ ವೆಸ್ ಅನ್ಸೆಲ್ಡ್ 1969ರಲ್ಲಿ, ತಮ್ಮ ಮೊದಲ ವರ್ಷದಲ್ಲಿಯೇ, ಅತ್ಯುತ್ತಮ ಆಟಗಾರ ಎನಿಸಿಕೊಂಡರು. ನಮ್ಮ ಊರಿನ ಬೀದಿಯಲ್ಲಿ ಇವರೆಲ್ಲರೂ ದೈತ್ಯರೇ ಸರಿ. ಆದರೆ ಎತ್ತರ ಸಾಪೇಕ್ಷವಾದುದು. ತಡೆಯುವವನಿಗೂ ತಡೆಯಲ್ಪಡುವವನಿಗೂ ಇರುವ ಅಂತರವೇ ಇಲ್ಲಿ ಮುಖ್ಯ.

ಇನ್ನೂ ಹತ್ತಿರದ ಸಾಕ್ಷ್ಯ ಬೇಕಾದರೆ ನಮ್ಮ ಬೆಂಗಳೂರಿಗೇ ಹೋಗೋಣ. 2017ರ ಜುಲೈನಲ್ಲಿ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯ ಕಪ್ ಪಂದ್ಯಗಳು ನಡೆದವು. ಅಂತಿಮ ಪಂದ್ಯದಲ್ಲಿ ತಮಗಿಂತ ಎತ್ತರದ ಆಸ್ಟ್ರೇಲಿಯದವರನ್ನು ಜಪಾನಿನ ಹೆಣ್ಣುಮಕ್ಕಳು 74–73ರಿಂದ ಸೋಲಿಸಿದರು. ಎರಡು ವರ್ಷಗಳ ಅನಂತರ, 2019ರ ಸೆಪ್ಟೆಂಬರಿನಲ್ಲಿ, ಅದೇ ಬೆಂಗಳೂರಿನಲ್ಲಿ ಎತ್ತರದ ಆಟಗಾರ್ತಿಯರಿದ್ದ ಚೀನವನ್ನು 71–68ರಿಂದ ಗೆದ್ದರು. ಸದಾ ಓಡುವುದು, ಜಾಗವನ್ನು ಮೊದಲೇ ಹಿಡಿಯುವುದು, ದೂರದಿಂದ ಗುರಿಯಿಟ್ಟು ಎಸೆದು ಎತ್ತರದವರನ್ನು ಬುಟ್ಟಿಯ ಬುಡದಿಂದ ಹೊರಕ್ಕೆ ಎಳೆಯುವುದು ಅವರ ವಿಧಾನ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಆರಡಿಯ ಆಸುಪಾಸಿನ ಮಾಕಿ ತಕಾಡ ಅವರನ್ನು ಸೆಂಟರ್ ಸ್ಥಾನದಲ್ಲಿ ನಿಲ್ಲಿಸಿಕೊಂಡೇ ಜಪಾನ್ ಅಂತಿಮ ಪಂದ್ಯದವರೆಗೆ ಏರಿತು.

ಅಂತಿಮ ಪಂದ್ಯದಲ್ಲಿ ಏನಾಯಿತೆಂಬುದನ್ನು ಮುಚ್ಚಿಡುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಅಮೆರಿಕದ 6 ಅಡಿ 9 ಅಂಗುಲದ ಬ್ರಿಟ್ನಿ ಗ್ರೈನರ್ 30 ಅಂಕಗಳನ್ನು ಗಳಿಸಿದರು. ಜಪಾನ್ 75–90ರಿಂದ ಸೋತು ಬೆಳ್ಳಿಯ ಪದಕ ಪಡೆಯಿತು. ಗೇಣುದ್ದದ ಅಂತರವನ್ನು ಜಾಣತನದಿಂದ ತುಂಬಬಹುದು. ಮುಕ್ಕಾಲು ಅಡಿಯ ಅಂತರದ ಜೊತೆಗೆ ಎದುರಾಳಿಯಲ್ಲಿಯೂ ಅಷ್ಟೇ ಜಾಣತನವಿದ್ದರೆ ಅದನ್ನು ತುಂಬುವುದು ಬಹಳ ಕಷ್ಟ.

ಗೋಡೆಯ ಮೇಲಿನ ಎರಡು ಗೆರೆಗಳು

ಹಾಗಾದರೆ ನಮ್ಮ ಶಿಷ್ಯನಿಗೆ ಏನು ಉತ್ತರ? ಎತ್ತರ ಮುಖ್ಯವೇ ಹೌದು. ಚೆಂಡು ಎದುರಾಳಿಯ ಕೈಸೇರಿ, ಅವನು ಬುಟ್ಟಿಯ ಬುಡದಲ್ಲಿದ್ದರೆ ಎತ್ತರವೇ ಗೆಲ್ಲುತ್ತದೆ. ಆದರೆ ಆ ಸ್ಥಿತಿ ಬರುವುದಕ್ಕೆ ಮೊದಲು ಕಳೆಯುವ ಸಮಯವೆಲ್ಲ ಪಾದಗಳಿಗೆ, ಮಂಡಿಗಳಿಗೆ, ಕಣ್ಣಿಗೆ ಸೇರಿದ್ದು. ಚಿಮ್ಮಿದ ಚೆಂಡು ಮೊದಲು ಕಂಡವನದು. ನೆತ್ತಿಯ ಗೆರೆಯೊಂದನ್ನೇ ನೋಡಿ ಒಬ್ಬನನ್ನು ತಳ್ಳಿಹಾಕುವುದು ಅರ್ಧ ಅಳತೆಯಿಂದ ಪೂರ್ಣ ತೀರ್ಮಾನ ಮಾಡಿದಂತೆ.

ವಾಚಕರು ತಾವೇ ಈ ಪ್ರಯೋಗವನ್ನು ಮಾಡಿ ನೋಡಬಹುದು. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಗೋಡೆಯ ಪಕ್ಕದಲ್ಲಿ ನಿಂತು, ಕೈಯೆತ್ತಿ ಒಂದು ಗುರುತು ಮಾಡಿರಿ. ಅನಂತರ ನಿಂತಲ್ಲಿಂದಲೇ ನೆಗೆದು ಎರಡನೆಯ ಗುರುತು ಮಾಡಿರಿ. ಮೊದಲನೆಯದು ನಿಮ್ಮ ನಿಲುಕು, ಎರಡರ ನಡುವಣ ಅಂತರ ನಿಮ್ಮ ನೆಗೆತ. ತರಗತಿಯ ಎಲ್ಲರ ಅಳತೆಗಳನ್ನೂ ಎತ್ತರದ ಕ್ರಮದಲ್ಲಿ ಬರೆದು ನೋಡಿರಿ. ಎರಡನೆಯ ಗುರುತಿನ ಕ್ರಮ ಎತ್ತರದ ಕ್ರಮವೇ ಆಗಿದೆಯೆ?

ನಮ್ಮ ಶಿಷ್ಯ ತನ್ನ ಎರಡು ಗೆರೆಗಳನ್ನು ತೋರಿಸಿ ಮುಂದಿನ ಸಲ ತಂಡದಲ್ಲಿ ಜಾಗ ಪಡೆದ. ಎದುರಾಳಿ ಅವನ ತಲೆಯ ಮೇಲಿನಿಂದ ನಾಲ್ಕಾರು ಸಲ ಚೆಂಡನ್ನು ಬುಟ್ಟಿಗೆ ಹಾಕಿದ್ದೂ ಉಂಟು. ಪಂದ್ಯದಲ್ಲಿ ಸೋತದ್ದೂ ಉಂಟು. ಆಟ ಮುಗಿದ ಮೇಲೆ ಅವನು ನಮ್ಮ ಬಳಿಗೆ ಬಂದು, “ಸಾರ್, ಎರಡು ಸಲ ಮಂಡಿ ಬಗ್ಗಿಸುವುದನ್ನು ಮರೆತೆ” ಎಂದ. ತನ್ನ ಎತ್ತರದ ವಿಷಯವನ್ನು ಅವನು ಎತ್ತಲೇ ಇಲ್ಲ.